ಜ್ವರ ಬಿಟ್ಟ ಮೇಲಿನ ಪ್ರಾರ್ಥನೆ

ಆ ಮಳೆಗಾಲದಲ್ಲಿ ನಾನು ದೇವರನ್ನು ಬೇಡಿಕೊಂಡಷ್ಟು ಬೇರೆ ಯಾವ ಕಾಲದಲ್ಲೂ ಬೇಡಿಕೊಂಡಿಲ್ಲ. ಬೇಡಿದ್ದೆಲ್ಲ ಒಂದೇ: ಜ್ವರ ಇಳಿಯಲಿ. ಡೆಂಗಿ ಕಲಬುರಗಿಯ ಓಣಿ ಓಣಿ ಹಿಡಿದಿತ್ತು, ಕಮಲಾಪುರದ ಕಡೆಗೂ ಹಬ್ಬಿತ್ತು. ನಗರದಲ್ಲಿ ಒಂದು ಸಣ್ಣ ಸಭೆ, ಕಮಲಾಪುರದಲ್ಲಿ ಇನ್ನೂ ಸಣ್ಣದೊಂದು, ಎರಡಕ್ಕೂ ನಾನೊಬ್ಬನೇ ಪಾಸ್ಟರ್. ಭಾನುವಾರ ಮುಂಜಾನೆ ಕಮಲಾಪುರದಲ್ಲಿ ಆರಾಧನೆ, ಸಂಜೆ ನಗರದಲ್ಲಿ. ಉಳಿದ ದಿನ ಫೋನ್ ಬಂದ ಕಡೆಗೆಲ್ಲ ಬೈಕು ಓಡಿಸುವುದು.

ನನ್ನ ಕೆಲಸಕ್ಕೂ ಒಂದು ಕ್ರಮವಿದೆ. ರೋಗಿಯ ಮನೆಗೆ ಹೋದ ಕೂಡಲೇ ಕಣ್ಣು ಮುಚ್ಚಿ ನಿಲ್ಲುವುದಿಲ್ಲ. ಮೊದಲು ಕೂತು ನೀರು ಕುಡಿದು ಮನೆಯವರ ಮಾತು ಕೇಳಬೇಕು. ರೋಗಿಗೆ ಎಚ್ಚರವಿದ್ದರೆ ಏನಾಗುತ್ತಿದೆ ಎಂದು ಅವರ ಬಾಯಿಂದಲೇ ಕೇಳಬೇಕು. ಆಮೇಲೆ ಬೈಬಲ್ಲಿನ ಒಂದು ಚಿಕ್ಕ ವಾಕ್ಯ ಓದಿ, ಬೆರಳಿಗೆ ಎಣ್ಣೆ ತಾಕಿಸಿ ಹಣೆಗೆ ಹಚ್ಚಿ, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ. ಉದ್ದುದ್ದ ಪ್ರಾರ್ಥನೆ ಮಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಸುಡುತ್ತಿರುವ ತಲೆಯ ಮೇಲೆ ಕೈ ಊರಿಕೊಂಡು ಲೋಕದ ರಾಜರನ್ನೆಲ್ಲ ನೆನೆಯುವ ಅಗತ್ಯವಾದರೂ ಏನು? ಎದ್ದು ಹೊರಡುವಾಗ ದವಾಖಾನೆಗೆ ಹೋಗಿ ಎಂದು ಹೇಳಿಯೇ ಹೋಗುತ್ತಿದ್ದೆ. ಜನ ಹೋಗುತ್ತಲೂ ಇದ್ದರು. ಔಷಧಿಗೂ ಪ್ರಾರ್ಥನೆಗೂ ನಮ್ಮಲ್ಲಿ ಜಗಳವಿಲ್ಲ.

ಜಗಳ ಹುಟ್ಟಿದ್ದು ಜ್ವರ ಬಿಟ್ಟ ಮೇಲೆ. ನಮ್ಮಲ್ಲಿ ಪ್ರಾರ್ಥನೆಯಿಂದ ಗುಣವಾದವರು ಮುಂದಿನ ಭಾನುವಾರ ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳುತ್ತಾರೆ. ಕರ್ತ ನನ್ನನ್ನು ಮುಟ್ಟಿದ, ಸ್ತೋತ್ರ, ಇಷ್ಟೇ. ಆದರೆ ಹಿಂದಿನ ದಿನದಿಂದ ಸಾಕ್ಷಿ ಹೇಳುವ ತನಕ ಬಾಯಿಗೆ ನೀರೂ ಹಾಕಬಾರದೆಂಬ ರೂಢಿಯೊಂದು ಅದರ ಜೊತೆಗೆ ಬೆಳೆದುಬಂದಿದೆ. ಯಾವ ಪಾಸ್ಟರೂ ಹಾಕಿಕೊಟ್ಟದ್ದಲ್ಲ. ನಮ್ಮ ಅಜ್ಜಿ-ಮುತ್ತಜ್ಜಿಯರು ಈ ನಂಬಿಕೆಗೆ ಬರುವಾಗ ತಮ್ಮ ಹಳೆಯ ಒಪ್ಪತ್ತುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿರಬೇಕು. ಒಂದು ದಿನದ ಉಪವಾಸದಿಂದ ಯಾರಿಗೇನು ಕೆಡುಕು ಎಂದು ನಾನೂ ಸುಮ್ಮನಿದ್ದೆ.

ನಗರದ ಸಭೆಯಲ್ಲಿ ಒಬ್ಬ ಹಮಾಲನಿದ್ದ. ನೆಹರು ಗಂಜಿನ ಧಾನ್ಯದ ಪೇಟೆಯಲ್ಲಿ ತೊಗರಿ ಚೀಲ ಹೊರುವ ಕೆಲಸ. ಅಗಲ ಬೆನ್ನು, ಕಡಿಮೆ ಮಾತು. ಜ್ವರ ಏರಿ ಮೈ ಕೆಂಡವಾಗಿದ್ದಾಗ ಅವನ ಮನೆಗೆ ಎರಡು ಸಲ ಹೋಗಿ ಪ್ರಾರ್ಥಿಸಿ ಬಂದೆ. ಶನಿವಾರ ಜ್ವರ ಬಿಟ್ಟಿತು. ಭಾನುವಾರ ಸಂಜೆ ಸಾಕ್ಷಿ ಹೇಳಲು ಎದ್ದ.

"ಕರ್ತ ನನ್ನ ಮುಟ್ಯಾನ್ರಿ. ಜ್ವರ ಬಿಟ್ಟಾವ. ಎಲ್ಲಾರಿಗೂ ವಂದನಾ," ಎಂದ.

ಮುಂದಿನ ಬೆಂಚನ್ನು ಹಿಡಿದುಕೊಂಡೇ ನಿಂತಿದ್ದ. ಹಣೆಯ ಬೆವರನ್ನು ಟವೆಲ್ಲಿನಿಂದ ಒರೆಸಿದ, ಮತ್ತೆ ಒರೆಸಿದ. ಒಂದು ಕೈ ಹೊಟ್ಟೆಯ ಮೇಲಿತ್ತು. ಉಪವಾಸವಿದ್ದಾನಲ್ಲ, ಹೊಟ್ಟೆ ಹಸಿದಿರಬೇಕು ಅಂದುಕೊಂಡೆವು. ಸಭೆಯೆಲ್ಲ ಸ್ತೋತ್ರ ಎಂದಿತು. ಎಲ್ಲರಿಗಿಂತ ಜೋರಾಗಿ ಎಂದವನು ನಾನು.

ಮರುದಿನ ಆಸ್ಪತ್ರೆಯಿಂದ ಫೋನ್ ಬಂತು. ನಾನು ಹೋಗಿ ಮುಟ್ಟುವಷ್ಟರಲ್ಲಿ ಅವನ ಮಾತು ನಿಂತಿತ್ತು, ಸಂಜೆಯ ಹೊತ್ತಿಗೆ ಜೀವವೂ ಹೋಯಿತು. ಜ್ವರದ ವಾರ್ಡಿನ ಡಾಕ್ಟರು ಇದೇ ಜಿಲ್ಲೆಯ ಹೆಣ್ಣುಮಗಳು, ಆ ಕಾಲದಲ್ಲಿ ಮನೆಗೆ ಹೋಗಿ ಮಲಗಿದ್ದು ಅಪರೂಪ. ಜ್ವರ ಇಳಿದಿತ್ತಲ್ಲ ಮೇಡಂ, ಮತ್ತೆ ಯಾಕೆ ಹೀಗಾಯಿತು ಎಂದು ಅವರನ್ನು ಕೇಳಿದೆ.

"ಪಾಸ್ಟರ್‌ರ, ಈ ರೋಗದಾಗ ಜ್ವರ ಇರೋತನ ನಾವು ಅಷ್ಟ ಅಂಜಂಗಿಲ್ಲ. ಜ್ವರ ಇಳದ ಮ್ಯಾಲ ಅಂಜ್ತೀವಿ. ನರದಾಗಿನ ನೀರು ಹೊರಗ ಸೋರ್ತದ, ರಕ್ತ ಮಂದ ಆಗ್ತದ, ಬಿಪಿ ಬೀಳ್ತದ. ಎಲ್ಲಾರಿಗೂ ಹಂಗ ಆಗಂಗಿಲ್ಲ. ಆದವರು ಆ ಎರಡು ದಿನ ದಾಟಿದರ ಉಳದಂಗ." ಕೇಸ್ ಪೇಪರ್ ತಿರುವಿ ಕೇಳಿದರು, "ಇವ್ರು ಏನೂ ತಿಂದಿಲ್ಲ, ಕುಡಿದಿಲ್ಲ ಅಂತ ಮನಿಯವರು ಹೇಳಿದ್ರು. ಯಾಕ್ರಿ?"

ಯಾಕೆ ಎಂದು ಹೇಳಿದೆ. ಅವರು ಮುಂದಿನ ಹಾಸಿಗೆಯ ಕಡೆ ನಡೆದರು. ಬೈದಿದ್ದರೆ ಚೆನ್ನಾಗಿತ್ತು.

ಮಣ್ಣು ಮಾಡಿ ಮನೆಗೆ ಬಂದವನಿಗೆ ಪ್ರಾರ್ಥನೆಗೆ ಕೂರಲಾಗಲಿಲ್ಲ. ಸಿಟ್ಟು, ಬರೀ ಸಿಟ್ಟು. ಜ್ವರ ಇಳಿಸು ಎಂದು ಕೇಳಿದವನು ನಾನು, ಇಳಿಯಿತು. ನೀನು ಕೇಳಿದ್ದನ್ನೇ ಕೊಟ್ಟೆನಲ್ಲ ಎಂದು ದೇವರು ಹೇಳಿದರೆ ಅದೂ ಸುಳ್ಳಲ್ಲ. ಏನೂ ತೋಚದೆ ಅಡಿಗೆಮನೆಗೆ ಹೋಗಿ ಭಾಂಡೆ ತೊಳೆಯತೊಡಗಿದೆ.

"ದೇವರ ಮ್ಯಾಲ ಸಿಟ್ಟಿದ್ರ ದೇವರಿಗೇ ಹೇಳ್ರಿ," ಎಂದಳು ನನ್ನ ಹೆಂಡತಿ. "ನನ್ನ ಭಾಂಡೆ ಏನ್ ಮಾಡ್ಯಾವ, ಯಾಕ ಬಡೀತೀರಿ?"

ಆ ವಾರ ಮತ್ತೆ ಡಾಕ್ಟರ ಹತ್ತಿರ ಹೋಗಿ, ಓದುಬರಹ ಬಲ್ಲ ಸಾಮಾನ್ಯ ಮನುಷ್ಯ ಏನು ನೋಡಬೇಕು ಎಂದು ಕೇಳಿ ಕಲಿತೆ. ಜ್ವರ ಬಿಟ್ಟ ಮೇಲೆ ಕೈಕಾಲು ತಣ್ಣಗಾಗಿ ಬೆವರುತ್ತವೆಯೇ? ಹೊಟ್ಟೆ ನೋಯುತ್ತಿದೆಯೇ, ವಾಂತಿ ನಿಲ್ಲುತ್ತಿಲ್ಲವೇ? ಉಗುರನ್ನು ಒತ್ತಿ ಬಿಟ್ಟರೆ ಬಿಳಿಚಿದ್ದು ಕೂಡಲೇ ಕೆಂಪಾಗಬೇಕು, ತಡವಾದರೆ ಕೆಟ್ಟದ್ದು. ಎಲ್ಲಕ್ಕಿಂತ ಮೊದಲು, ಮೂತ್ರ ಹೋಗುತ್ತಿದೆಯೇ? ಅದು ಹೋಗುತ್ತಿದ್ದರೆ ಮೈಯಲ್ಲಿ ರಕ್ತ ಓಡಾಡುತ್ತಿದೆ ಎಂದು ಅರ್ಥ. ಅವರು ತಮ್ಮ ಬೆರಳನ್ನೇ ಒತ್ತಿ ತೋರಿಸಿದರು, ನಾನು ನನ್ನದನ್ನು ಒತ್ತಿಕೊಂಡೆ.

ಮುಂದಿನ ಭಾನುವಾರ ಎರಡೂ ಸಭೆಗಳಲ್ಲಿ ಹೊಸ ನಿಯಮ ಹೇಳಿದೆ. ಜ್ವರ ಬಿಟ್ಟವರು ಉಪವಾಸ ಮಾಡುವಂತಿಲ್ಲ. ಗಂಜಿ, ಮಜ್ಜಿಗೆ, ಓಆರ್‌ಎಸ್ ಕುಡಿಯುತ್ತಿರಬೇಕು. ಬಿಟ್ಟ ದಿನವೂ ಮರುದಿನವೂ ರಕ್ತ ಪರೀಕ್ಷೆ ಮಾಡಿಸಬೇಕು. ಡಾಕ್ಟರು ಸಾಕು ಅಂದ ಮೇಲೆಯೇ ಸಾಕ್ಷಿ. ಅಲ್ಲಿಯ ತನಕ ಯಾರೂ ಏಳಬೇಡಿ.

ಯಾರೂ ಆಮೆನ್ ಅನ್ನಲಿಲ್ಲ. ಕಮಲಾಪುರದಲ್ಲಿ ಹೆಂಗಸರ ಪ್ರಾರ್ಥನಾ ಕೂಟವನ್ನು ನಡೆಸುವ ಹಿರಿಯ ಹೆಣ್ಣುಮಗಳೊಬ್ಬಳಿದ್ದಾಳೆ. ನಾನು ಆ ಸಭೆಗೆ ಬರುವ ಮುಂಚೆಯೇ ಮಂಡಿಯೂರಿ ಮಂಡಿ ಕಪ್ಪಾಗಿಸಿಕೊಂಡವಳು. ಅವಳು ಕೂತಲ್ಲಿಂದಲೇ ಕೇಳಿದಳು.

"ಅಂದ್ರ ದೇವರು ಮುಟ್ಟಿದ್ದು ಖರೇ ಹೌದೋ ಅಲ್ಲೋ ಅಂತ ಇನ್ ಮ್ಯಾಲ ರಕ್ತ ಹೇಳ್ಬೇಕೇನ್ರಿ ಅಯ್ಯನೋರ?"

ಒಳ್ಳೆಯ ಪ್ರಶ್ನೆ. ಕೂತು ಸಮಾಧಾನದಿಂದ ಮಾತಾಡಬೇಕಾದ ಪ್ರಶ್ನೆ. ನಾನೋ, "ಹೌದು, ರಕ್ತಾನೇ ಹೇಳ್ಲಿ," ಎಂದು ಮುಖ ಬಿಗಿದುಕೊಂಡು ಉಪದೇಶದ ಪ್ರಸಂಗ ಶುರು ಮಾಡಿದೆ. ಹಮಾಲನ ಹೆಂಡತಿಯ ಮುಖ ನನ್ನ ಕಣ್ಣ ಮುಂದಿತ್ತು, ಈ ಹಿರಿಯಳ ಮುಖ ಕಾಣಿಸಲಿಲ್ಲ.

ಆಮೇಲೆ ಫೋನುಗಳು ಕಡಿಮೆಯಾದವು. ರೋಗ ಇಳಿಯುತ್ತಿದೆ ಎಂದು ಹಿಗ್ಗಿದೆ. ಒಂದು ದಿನ ಮಹಾಗಾಂವ ಕ್ರಾಸಿನಲ್ಲಿ ಚಹಾಕ್ಕೆ ನಿಂತಾಗ ನಮ್ಮ ಸಭೆಯ ಟೆಂಪೊ ಡ್ರೈವರ್ ಸಿಕ್ಕ. ಕಮಲಾಪುರದಿಂದ ಬಾಳೆಗೊನೆ ತುಂಬಿಕೊಂಡು ನಗರಕ್ಕೆ ಹೊರಟಿದ್ದ. ಈಗ ಊರಲ್ಲಿ ಜ್ವರ ಇಲ್ಲವಂತೆ ಅಲ್ಲವೇ ಎಂದೆ.

"ಅದಾವಲ್ರಿ, ಮನಿಗಿ ಒಬ್ರು ಮಲಗ್ಯಾರ. ನಿಮಗ ಹೇಳ್ತಿಲ್ಲ ಅಷ್ಟ."

"ಯಾಕ?"

"ಅಯ್ಯನೋರಿಗಿ ಹೇಳಿದ್ರ ಸಾಕ್ಷಿ ನಿಲ್ಲಸ್ತಾರ ಅಂತ್ರಿ. ತಮ್ಮ ತಮ್ಮ ಮನಿಯಾಗ ಪ್ರಾರ್ಥನಾ ಮಾಡ್ಕೊಳ್ಳಾಕತ್ತಾರ."

ಜನ ಸಾಯಬಾರದೆಂದು ನಿಯಮ ಮಾಡಿದ್ದೆ, ಅದೇ ನಿಯಮದಿಂದ ರೋಗಿಗಳ ಬಾಗಿಲು ನನಗೆ ಮುಚ್ಚಿತ್ತು. ಆ ವಾರ ಕರೆಯದ ಮನೆಗಳಿಗೂ ಹೋದೆ. ಬಾಗಿಲಲ್ಲೇ ಚಹಾ ಕೊಟ್ಟು, ಎಲ್ಲರೂ ಆರಾಮ ಎಂದು ಹೇಳಿ ಕಳಿಸಿದರು.

ಅದರ ಮುಂದಿನ ಭಾನುವಾರ ಕಮಲಾಪುರದಲ್ಲಿ ರೊಟ್ಟಿ ಮುರಿದು ಹಂಚಿಕೊಳ್ಳುವ ಕರ್ತನ ಭೋಜನದ ಆರಾಧನೆ. ಮೇಜಿನ ಮೇಲೆ ರೊಟ್ಟಿ, ಬಟ್ಟಲು, ಮೇಲೆ ಬಿಳಿ ವಸ್ತ್ರ. ಹಾಡು ಶುರುವಾದಾಗಲೇ ಏನೋ ಸರಿಯಿಲ್ಲ ಅನ್ನಿಸಿತು. ಢೋಲಕ್ ಇರಲಿಲ್ಲ. ಆ ಹಿರಿಯಳ ಸೊಸೆಯೇ ನಮ್ಮಲ್ಲಿ ಹಾಡು ಎತ್ತಿಕೊಡುವವಳು, ಢೋಲಕ್ ಬಾರಿಸುವವಳು, ಎರಡು ಮಕ್ಕಳ ತಾಯಿ. ಅವಳು ಮುಂದಿನ ಸಾಲಿನಲ್ಲಿ ಗೋಡೆಗೆ ಒರಗಿ, ಶಾಲು ಹೊದ್ದು ಕೂತಿದ್ದಳು. ಹಾಡು ಮುಗಿಯುತ್ತಲೇ ಅತ್ತೆ ಅವಳ ರಟ್ಟೆ ಹಿಡಿದು ಎಬ್ಬಿಸಿದಳು.

"ಅಯ್ಯನೋರ, ಇವತ್ತ ನನ್ನ ಸೊಸಿ ಸಾಕ್ಷಿ ಹೇಳ್ತಾಳ. ನಿನ್ನಿ ಮುಂಜಾನಿ ಜ್ವರ ಬಿಟ್ಟಾವ. ಅವಾಗಿಂದ ಬಾಯಾಗ ಹನಿ ನೀರ ಹಾಕಿಲ್ಲ."

ದನಿಯಲ್ಲಿ ನನಗೆ ಹಾಕಿದ ಸವಾಲಿತ್ತು, ಅದಕ್ಕಿಂತ ಹೆಚ್ಚಾಗಿ ಸಂತೋಷವಿತ್ತು. ಸೊಸೆಯೆಂದರೆ ಅವಳಿಗೆ ಪ್ರಾಣ. ಕೇಡು ಬಗೆದು ಯಾರೂ ಹೀಗೆ ಮಾಡುವುದಿಲ್ಲ.

ಪೀಠದಿಂದ ಇಳಿದು ಬಂದೆ. ಆಶೀರ್ವದಿಸಲು ಬರುತ್ತಿದ್ದೇನೆಂದು ಸೊಸೆ ತಲೆ ಬಾಗಿಸಿದಳು. ನಾನು ತಲೆಯ ಮೇಲೆ ಕೈಯಿಡದೆ ಅವಳ ಕೈ ಹಿಡಿದೆ. ತೊಳೆದಿಟ್ಟ ತಾಟಿನಷ್ಟು ತಣ್ಣಗೆ, ಅಷ್ಟೇ ಒದ್ದೆ. ಹೆಬ್ಬೆರಳಿನ ಉಗುರು ಒತ್ತಿ ಬಿಟ್ಟೆ. ಬಿಳಿಚಿದ್ದು ಬಿಳಿಚಿಕೊಂಡೇ ಇತ್ತು.

"ಹೊಟ್ಟಿ ನೋಯ್ತದೇನವ್ವಾ?"

ಹೌದೆಂದು ತಲೆಯಾಡಿಸಿದಳು.

"ಒಂದಕ್ಕ ಯಾವಾಗ ಹೋಗಿದ್ದಿ?"

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಕರ್ತನ ಮೇಜಿನ ಮುಂದೆ, ಗಂಡಸರು ಹೆಂಗಸರು ಮಕ್ಕಳು ಕೂತಿರುವಾಗ, ಪಾಸ್ಟರ್ ಒಬ್ಬರ ಮನೆಯ ಸೊಸೆಯನ್ನು ಕೇಳುವ ಮಾತೇ ಅದು? ಅತ್ತೆ ಸೊಸೆಯ ತಲೆಯ ಮೇಲೆ ಸೆರಗು ಎಳೆದು ನನ್ನ ಕೈ ಬಿಡಿಸಿದಳು.

"ದೇವರ ಸನ್ನಿಧಿಯಾಗ ಏನ್ ಕೇಳ್ಲಾಕತ್ತೀರಿ ಅಯ್ಯನೋರ? ನಾಚಿಕಿ ಬ್ಯಾಡೇನ್ರಿ?"

ಸೊಸೆ ನೆಲ ನೋಡುತ್ತ, ನನಗೆ ಮಾತ್ರ ಕೇಳುವಷ್ಟು ಸಣ್ಣಗೆ ಹೇಳಿದಳು: "ನಿನ್ನಿ ಮುಂಜಾನಿ ಇರ್ಬೇಕ್ರಿ."

ನನಗೆ ಹೆದರಿಕೆಯಾಯಿತು. ನಾನು ಡಾಕ್ಟರಲ್ಲ. ಬೆರಳು ಒತ್ತಿ ನೋಡಲು ಕಲಿತ ಮಾತ್ರಕ್ಕೆ ಒಂದು ಮನೆಯ ಮಾನ ತೆಗೆದಿದ್ದೆ. ಇದು ಬರೀ ಉಪವಾಸದ ಸುಸ್ತಾಗಿದ್ದರೆ ನಾನು ಆ ಸಭೆಯಲ್ಲಿ ಇನ್ನೊಂದು ಭಾನುವಾರ ನಿಲ್ಲುವಂತಿರಲಿಲ್ಲ. ಸುಸ್ತಲ್ಲದಿದ್ದರೆ? ಎರಡು ಮಾತು ಸಾಕ್ಷಿ ಹೇಳಿಸಿ, ರೊಟ್ಟಿ ಮುರಿದು, ಆಶೀರ್ವಾದ ಹೇಳಿ, ಆಮೇಲೆ ಕರೆದೊಯ್ಯಬಹುದಲ್ಲ ಎಂದೂ ಮನಸ್ಸು ಹೇಳಿತು. ಎಲ್ಲರಿಗೂ ಒಪ್ಪಿಗೆಯಾಗುವ ದಾರಿ ಅದು. ಹಮಾಲನಿಗೂ ನಾವು ಹಾಗೆಯೇ ಮಾಡಿದ್ದೆವು.

"ಇವತ್ತಿನ ಆರಾಧನಿ ಇಲ್ಲಿಗಿ ಮುಗೀತು," ಎಂದೆ. "ಈಕಿಗಿ ಈಗಿಂದೀಗ ದವಾಖಾನಿಗಿ ಒಯ್ಯಬೇಕು."

"ಸಾಕ್ಷಿ ಹೇಳಿ ಹೋಗ್ಲಿ. ಎರಡು ಮಾತು," ಎಂದಳು ಅತ್ತೆ.

"ಬ್ಯಾಡ."

"ಹೇಳದೆ ಹೋದ್ರ ಬಂದ ಆಶೀರ್ವಾದ ತಿರುಗಿ ಹೋಗ್ತದ್ರಿ."

"ಬ್ಯಾಡ ಅಂದೆ."

ಗಂಡ, ವಾರದ ಸಂತೆಯಲ್ಲಿ ಕೆಂಪು ಬಾಳೆ ಮಾರುವ ಮೆತ್ತಗಿನ ಮನುಷ್ಯ, ಅಷ್ಟು ಹೊತ್ತೂ ಗಂಡಸರ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ಎದ್ದು ಬಂದ. ತಾಯಿಯ ಮುಖ ನೋಡಲಿಲ್ಲ, ನನ್ನದೂ ನೋಡಲಿಲ್ಲ. ಹೆಂಡತಿಯನ್ನು ಎತ್ತಿಕೊಂಡು ಹೊರಗೆ ನಡೆದ. ಎತ್ತಿದಾಗ ಅವಳ ಕುತ್ತಿಗೆ ಹಿಂದಕ್ಕೆ ವಾಲಿತು, ಆಗ ಸಭೆಯೆಲ್ಲ ಎದ್ದು ನಿಂತಿತು.

ಕಮಲಾಪುರದ ದವಾಖಾನೆಯಲ್ಲಿ ಬಿಪಿ ನೋಡಿದವರು ಮರುಮಾತಿಲ್ಲದೆ ಸಲೈನ್ ಹಚ್ಚಿ ಕಲಬುರಗಿಗೆ ಹೋಗಿ ಅಂದರು. ಆಂಬ್ಯುಲೆನ್ಸ್ ಬೇರೊಬ್ಬ ರೋಗಿಯನ್ನು ಕರೆದುಕೊಂಡು ಆಗತಾನೇ ಹೊರಟಿತ್ತು. ಅದು ಬರುವ ತನಕ ಕಾಯುವಂತಿರಲಿಲ್ಲ. ಟೆಂಪೊ ಡ್ರೈವರ್ ಬಾಳೆ ಎಲೆಗಳನ್ನೆಲ್ಲ ರಸ್ತೆಗೆ ಎಸೆದು, ಸಭೆಯ ಜಮಖಾನೆ ಹಾಸಿ ಜಾಗ ಮಾಡಿದ. ದವಾಖಾನೆಯ ನರ್ಸ್ ಒಬ್ಬರು ಜೊತೆಗೆ ಹತ್ತಿದರು. ಬಾಟಲಿಯನ್ನು ಎತ್ತರಕ್ಕೆ ಹಿಡಿಯುವ ಕೆಲಸ ನನ್ನದು. ಗಂಡ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ, ಅತ್ತೆ ಕಾಲ ಬಳಿ ಕೂತು ಪಾದ ಉಜ್ಜುತ್ತಿದ್ದಳು. ಮಹಾಗಾಂವ ದಾಟುವಾಗ ಸೊಸೆ ಕಣ್ಣು ತೆರೆದಳು.

"ಅಯ್ಯನೋರ, ನಾ ಸಾಕ್ಷಿ ಹೇಳ್ಲಿಲ್ರಿ."

"ಆಮ್ಯಾಲ ಹೇಳೀಯಂತ."

"ಹೇಳ್ಲಿಲ್ಲ ಅಂತ ಹಿಂಗಾಗ್ಲಾಕತ್ತದೇನ್ರಿ?"

ಅಷ್ಟು ವರ್ಷ ಪ್ರಸಂಗ ಮಾಡಿದವನು ನಾನು. ದೇವರು ಹಾಗೆ ಲೆಕ್ಕ ಹಿಡಿಯುವವನಲ್ಲ ಎಂದು ಅವಳಿಗೆ ಯಾರು ಹೇಳಿಕೊಡಬೇಕಿತ್ತು? "ಇಲ್ಲವ್ವಾ. ದೇವರು ಹಂಗಿಲ್ಲ," ಎಂದೆ. ಅತ್ತೆ ಪಾದ ಉಜ್ಜುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು, ಮತ್ತೆ ಉಜ್ಜತೊಡಗಿದಳು. ಬಾಟಲಿ ಹಿಡಿದ ಕೈ ಮರಗಟ್ಟಿತ್ತು, ಇನ್ನೊಂದು ಕೈಗೆ ಬದಲಿಸಿದೆ.

ಆಸ್ಪತ್ರೆಯಲ್ಲಿ ಅದೇ ಡಾಕ್ಟರು ಇದ್ದರು. ಒಳಗೆ ತೆಗೆದುಕೊಂಡರು, ನಾವು ಹೊರಗೆ ಉಳಿದೆವು. ವರಾಂಡದ ತುಂಬ ಜನ. ಬುತ್ತಿಗಂಟು, ನೀರಿನ ಬಾಟಲಿ, ಹಾಸಿದ ಚಾದರ. ನಗರದ ಸಂಜೆಯ ಆರಾಧನೆಯನ್ನು ಹಿರಿಯರೊಬ್ಬರು ನಡೆಸಲಿ ಎಂದು ಫೋನ್ ಮಾಡಿದೆ. ಅತ್ತೆ ನನ್ನಿಂದ ದೂರ, ಗೋಡೆಗೆ ಮುಖ ಮಾಡಿ ಕೂತಳು.

"ನಂಬಿಕಿ ಇಲ್ದವರ ಕೈಯಾಗ ಸಭೆ ಕೊಟ್ಟಾರ," ಎಂದು ಗೋಡೆಗೆ ಹೇಳಿದಳು. ಗೋಡೆಗೆ ಹೇಳಿದ್ದು ನನಗೂ ಕೇಳಿಸಲಿ ಎಂದೇ. ಕೇಳಿಸಿತು. ಸುಳ್ಳು ಎಂದು ಎದೆ ತಟ್ಟಿ ಹೇಳುವ ಧೈರ್ಯ ಆ ಹೊತ್ತಿನಲ್ಲಿ ನನಗಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಡಾಕ್ಟರು ಹೊರಗೆ ಬಂದರು. "ನೀರು ಕಮ್ಮಿ ಆದ್ರ ಬಿಪಿ ಬೀಳ್ತದ, ಹೆಚ್ಚಾದ್ರ ಪುಪ್ಪುಸಕ್ಕ ಹೋಗ್ತದ. ಅಳದು ಅಳದು ಕೊಡ್ಲಾಕತ್ತೀವಿ. ಬಿಪಿ ಜರಾ ಸಿಗ್ತದ. ಆದ್ರ ಮೂತ್ರ ಇನ್ನಾ ಬಂದಿಲ್ಲ. ಪಾಸ್ಟರ್‌ರ, ಏನಾರ ಬೇಡ್ಕೊಳ್ಳೋದಿದ್ರ ಅದನ್ನ ಬೇಡ್ಕೊಳ್ರಿ."

ಅವರು ತಮಾಷೆಗೆ ಹೇಳಲಿಲ್ಲ. ನಾನು ಗಂಡನ ಪಕ್ಕದಲ್ಲಿ ಮಂಡಿಯೂರಿದೆ. ನಮ್ಮ ಪ್ರಾರ್ಥನೆಯ ಕನ್ನಡ ಮಡಿ ಉಟ್ಟ ಕನ್ನಡ. ಕರುಣಾಸಾಗರನೇ, ಮಹೋನ್ನತನೇ ಎಂದು ಶುರು ಮಾಡಿದವನಿಗೆ ಮುಂದೆ ಹೋಗಲು ದಾರಿಯೇ ಕಾಣಲಿಲ್ಲ. ಎರಡು ಸಲ ಅಲ್ಲಿಗೇ ಬಂದು ನಿಂತೆ. ಕೊನೆಗೆ ಬೇಸತ್ತು, ಮನೆಯಲ್ಲಿ ಮಾತಾಡುವಂತೆ ಹೇಳಿದೆ: "ಅಪ್ಪಾ, ಈಕಿ ಒಂದಕ್ಕ ಹೋಗ್ಲಿ. ಬ್ಯಾರೆ ಏನೂ ಬ್ಯಾಡ. ಒಂದಕ್ಕ ಹೋಗ್ಲಿ."

ಪಕ್ಕದ ಚಾದರದ ಮೇಲೆ ಬಿಳಿ ಗಡ್ಡದ ಮುದುಕರೊಬ್ಬರು ಕೂತಿದ್ದರು. ಅವರ ಮೊಮ್ಮಗ ಅದೇ ವಾರ್ಡಿನಲ್ಲಿದ್ದ.

"ಆಮೀನ್," ಎಂದರು ಅವರು. "ನಮ್ಮ ಪೋರಗೂ ಅದಾ ಕೇಳ್ರಿ ಪಾದ್ರಿ ಸಾಬ್. ಅವಂದೂ ನಿಂತದ."

ಕೇಳಿದೆ. ಕಣ್ಣು ತೆರೆದಾಗ ಅತ್ತೆ ಗೋಡೆ ಬಿಟ್ಟು ಈ ಕಡೆ ತಿರುಗಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಅವಳ ತುಟಿ ಅಲುಗುವುದು ಕಂಡಿತು. ಏನು ಬೇಡುತ್ತಿದ್ದಳೋ ನನಗೆ ಗೊತ್ತಿಲ್ಲ.

ಸೊಸೆ ಆ ವಾರದ ಕೊನೆಗೆ ಎದ್ದು ಕೂತು ಗಂಜಿ ಕುಡಿದಳು, ಮನೆಗೂ ಹೋದಳು. ಆದರೆ ಮರುದಿನ ಮುಂಜಾನೆ ನಮಗೆ ಅದು ಗೊತ್ತಿರಲಿಲ್ಲ. ಒಳಗೆ ಒಬ್ಬರನ್ನು ಬಿಡುತ್ತೇವೆ ಎಂದು ಸಿಸ್ಟರ್ ಕರೆದಾಗ ಅತ್ತೆ ಹೋದಳು. ನಾನು, ಗಂಡ, ಪಕ್ಕದ ಮುದುಕರು, ಮೂವರೂ ಬಾಗಿಲನ್ನೇ ನೋಡುತ್ತ ಕೂತೆವು. ಅವಳು ಹೊರಗೆ ಬಂದಾಗ ಮುಖ ನೋಡಿ ಏನೂ ತಿಳಿಯುವಂತಿರಲಿಲ್ಲ. ನೆಟ್ಟಗೆ ನನ್ನ ಮುಂದೆ ಬಂದು ನಿಂತಳು.

"ಹೋಗ್ಯಾಳ್ರಿ," ಎಂದಳು. "ಮೂತ್ರದ ಚೀಲದಾಗ ನಾನಾ ನೋಡಿ ಬಂದೆ."

ಗಂಡ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ಅವಳು ಇನ್ನೂ ನಿಂತೇ ಇದ್ದಳು. ಆಮೇಲೆ, ಕೊಂಕಿಲ್ಲದೆ, ನಿಜವಾಗಿಯೂ ತಿಳಿಯದವಳ ಹಾಗೆ ಕೇಳಿದಳು:

"ಇದಕ್ಕ ಸ್ತೋತ್ರ ಹೇಳ್ಬೋದೇನ್ರಿ ಅಯ್ಯನೋರ? ಇಲ್ಲ, ಇನ್ನಾ ತಡೀಬೇಕೇನ್ರಿ?"

ನನ್ನ ನಿಯಮದ ಪ್ರಕಾರ ತಡೆಯಬೇಕಿತ್ತು. ಡಾಕ್ಟರು ಇನ್ನೂ ಸಾಕು ಅಂದಿರಲಿಲ್ಲ. ಈ ಮಂಡಿ ಕಪ್ಪಾದ ಹೆಂಗಸು ದೇವರಿಗೆ ಕೈ ಮುಗಿಯಲು ನನ್ನ ಅಪ್ಪಣೆ ಕೇಳುವ ಹಾಗೆ ಮಾಡಿಟ್ಟವನು ನಾನೇ.

"ಹೇಳ್ರಿ," ಎಂದೆ.

ಅವಳು ಬಾಯಿ ತೆರೆದಳು. ಮಾತು ಬರಲಿಲ್ಲ, ಅಳು ಬಂತು. ಸೆರಗು ಬಾಯಿಗೆ ಒತ್ತಿಕೊಂಡು ನನ್ನ ಪಕ್ಕದಲ್ಲೇ ಕುಸಿದು ಕೂತಳು. ಅವಳ ಪರವಾಗಿ ನಾನೇ ಸ್ತೋತ್ರ ಹೇಳಿದೆ, ಬಹಳ ಮೆಲ್ಲಗೆ. ಮುದುಕರು ಇನ್ನೂ ಬಾಗಿಲು ನೋಡುತ್ತಿದ್ದರು.